ಮೈಸೂರಿನ 16 ಇಂಚು, ಮಹಾಪೆಯ ಮಳೆ: ಬೈಕ್ ಟೈರ್ ಸೈಜಿನ ಕಥೆ

ಕಲ್ಯಾಣ್, ಡೊಂಬಿವಲಿ ಕಡೆಯಿಂದ ಶಿಳ್‌ಫಾಟಾ ಹಾದು ಮಹಾಪೆ ಎಂಐಡಿಸಿಗೆ ದಿನಾ ಬೈಕಲ್ಲಿ ಬರೋ ನಮ್ಮವರಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಪ್ರಶ್ನೆ ಎದ್ದೇ ಏಳುತ್ತೆ. ಹಿಂದಿನ ಟೈರು ಸವೆದಿದೆ, ಹೇಗೂ ಬದಲಾಯಿಸಬೇಕು, ಒಂದು ಸೈಜ್ ದಪ್ಪದ್ದೇ ಹಾಕಿಸಿಬಿಡೋಣವಾ? ಅಂಗಡಿಯವನೂ "ಗ್ರಿಪ್ ಜಾಸ್ತಿ ಸಿಗುತ್ತೆ ಸಾರ್" ಅಂತಾನೆ. ಇದಕ್ಕೆ ಉತ್ತರ ಕೊಡೋಕೆ ಮುಂಚೆ, ಈ ಸೈಜುಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡೋಣ. ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ.

ಗಾಳಿ ತುಂಬಿದ ಟೈರಿಗೆ ಜಾನ್ ಬಾಯ್ಡ್ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಮೊದಲು ಅದು ಸೈಕಲ್ಲಿಗೆ, ಆಮೇಲೆ ಮೋಟಾರ್‌ಸೈಕಲ್ಲಿಗೆ ಬಂತು. ಹಳೆಯ ಬೈಕುಗಳ ಚಕ್ರ ದೊಡ್ಡದು, ಟೈರು ತೆಳುವು. ಮದ್ರಾಸಿನಲ್ಲಿ ತಯಾರಾದ ಬುಲೆಟ್ಟನ್ನೇ ತಗೊಳ್ಳಿ. ಹಿಂದೆ, ಮುಂದೆ ಎರಡೂ ಕಡೆ 3.25-19. ಅಂದರೆ ಟೈರಿನ ಅಗಲ ಮೂರೂಕಾಲು ಇಂಚು, ರಿಮ್ಮು 19 ಇಂಚು. ಗುಂಡಿ ಬಿದ್ದ ರಸ್ತೆಯಲ್ಲಿ ದೊಡ್ಡ ಚಕ್ರ ಆಳಕ್ಕೆ ಇಳಿಯದೆ ಉರುಳಿಕೊಂಡು ಹೋಗುತ್ತೆ, ನೇರ ಓಟದಲ್ಲಿ ಗಟ್ಟಿಯಾಗಿ ನಿಲ್ಲುತ್ತೆ. ಆದರೆ ತಿರುಗಿಸೋಕೆ ಸ್ವಲ್ಪ ಬಲ ಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಹಿಡಿದ ದಾರಿ ಬೇರೆ. 1961ರಿಂದ ಅಲ್ಲಿ ತಯಾರಾದ ಜಾವಾ 250ಕ್ಕೆ ಚೆಕ್ ವಿನ್ಯಾಸದಂತೆ 3.25-16 ಟೈರು. ಅಗಲ ಬುಲೆಟ್ಟಿನಷ್ಟೇ, ರಿಮ್ಮು ಮಾತ್ರ ಮೂರು ಇಂಚು ಚಿಕ್ಕದು. ಅದರಿಂದ ಗಾಡಿ ತಗ್ಗಾಯಿತು, ಸೀಟು ಕೈಗೆಟುಕುವಂತಾಯಿತು, ಮಾರ್ಕೆಟ್ಟಿನ ಗಲ್ಲಿಗಳಲ್ಲಿ ಸಲೀಸಾಗಿ ತಿರುಗಿತು. ಆದರೆ ಚಿಕ್ಕ ಚಕ್ರ ಗುಂಡಿಯಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತೆ, ಆ ಹೊಡೆತ ಸವಾರನ ಬೆನ್ನಿಗೆ ತಟ್ಟುತ್ತೆ. 1973ರಲ್ಲಿ ಜಾವಾ ಹೋಗಿ ಯೆಜ್ಡಿ ಅಂತ ಹೆಸರಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್‌ಗೆ ಅದೇ ಕಾರ್ಖಾನೆ 18 ಇಂಚಿನ ಚಕ್ರ ಹಾಕಿತು. ಬರೀ ಚಕ್ರ ಬದಲಾಯಿಸಿ ಕೈಬಿಡಲಿಲ್ಲ. ಗಾಡಿಯ ನಿಲುವು, ಸೀಟು, ಹ್ಯಾಂಡಲ್ ಎಲ್ಲವೂ ಬೇರೆಯಾದವು. ಈ ಮಾತು ನೆನಪಿಟ್ಟುಕೊಳ್ಳಿ.

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ತೂಕ ಸುಮಾರು 100 ಕೆ.ಜಿ. ಮುಂದೆ 2.50-18, ಹಿಂದೆ 2.75-18, ಅಷ್ಟೇ. ಬೆಂಗಳೂರಿನ ಹುಡುಗರು ಆ ತೆಳು ಟೈರಿನ ಗಾಡಿಯ ಚುರುಕಿಗೇ ಮನಸೋತಿದ್ದರು. 1999ರ ಹೀರೋ ಹೋಂಡಾ ಸಿಬಿಝಡ್ ಹಿಂದಿನ ಟೈರನ್ನು 100/90-18ಕ್ಕೆ ಒಯ್ದಿತು. 2001ರ ಬಜಾಜ್ ಪಲ್ಸರ್ 18 ಇಂಚಿನಲ್ಲೇ ಶುರುವಾಗಿ, 2005ರಲ್ಲಿ 17 ಇಂಚಿನ ಅಲಾಯ್ ಚಕ್ರಕ್ಕೆ ಇಳಿಯಿತು. ಜತೆಗೆ ಗಾಡಿಯ ಎತ್ತರವೂ ತಗ್ಗಿತು. 2018ರಲ್ಲಿ ಮರಳಿ ಬಂದ ಜಾವಾಗೆ ಮುಂದೆ 90/90-18, ಹಿಂದೆ 120/80-17. ಹಳೆಯ 16ರ ಗುರುತೇ ಇಲ್ಲ!

ಈಗ ಲೆಕ್ಕಕ್ಕೆ ಬರೋಣ. 100/90-17 ಅಂದರೆ ಅಗಲ 100 ಮಿ.ಮೀ., ಪಕ್ಕದ ಎತ್ತರ ಅದರ ಶೇ. 90, ಅಂದರೆ 90 ಮಿ.ಮೀ. ರಿಮ್ಮಿನ 432 ಸೇರಿಸಿದರೆ ಒಟ್ಟು ವ್ಯಾಸ 612 ಮಿ.ಮೀ. ಅದೇ ರಿಮ್ಮಿಗೆ 120/80-17 ಹಾಕಿಸಿದರೆ 624. ಗಾಡಿಯ ಹಿಂಭಾಗ 6 ಮಿ.ಮೀ. ಏರುತ್ತೆ. ಒಂದು ಸುತ್ತಿಗೆ ಚಕ್ರ ಶೇ. 2ರಷ್ಟು ಹೆಚ್ಚು ದೂರ ಹೋಗುತ್ತೆ, ಹಾಗಾಗಿ ಪಿಕಪ್ ಸ್ವಲ್ಪ ಮಂಕಾಗುತ್ತೆ. ಇದು ಸಣ್ಣ ವಿಷಯ ಅನ್ನಬಹುದು. ದೊಡ್ಡದು ಬೇರೆ ಇದೆ. ತೆಳು ಟೈರಿಗೆ ಮಾಡಿದ ರಿಮ್ಮಿನಲ್ಲಿ ಅಗಲದ ಟೈರು ಕೂತರೆ, ಅಂಚುಗಳು ಒಳಕ್ಕೆ ಚಿವುಟಿದಂತಾಗಿ ನೆತ್ತಿ ಚೂಪಾಗುತ್ತೆ. ಕಂಪನಿ ಲೆಕ್ಕ ಹಾಕಿದ ದುಂಡು ಕೆಡುತ್ತೆ. ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವ ಭಯ ಬೇರೆ. ಮೇಲಾಗಿ, ಅದೇ ವೇಗದಲ್ಲಿ ಅದೇ ತಿರುವು ತಗೊಳ್ಳೋಕೆ ಅಗಲದ ಟೈರಿನ ಗಾಡಿಯನ್ನು ಇನ್ನಷ್ಟು ವಾಲಿಸಬೇಕು. ಮುಂದಿನ ಟೈರು ತೆಳುವಾಗೇ ಉಳಿದು ಹಿಂದಿನದು ದಪ್ಪವಾದರೆ ಎರಡರ ಹೊಂದಾಣಿಕೆ ತಪ್ಪುತ್ತೆ.

ಹಾಗಾದರೆ ಗ್ರಿಪ್? ಭಾರ ಅಷ್ಟೇ, ಗಾಳಿಯೂ ಅಷ್ಟೇ ಇದ್ದರೆ ನೆಲಕ್ಕೆ ತಾಗುವ ಜಾಗ ಹೇಳಿಕೊಳ್ಳುವಷ್ಟೇನೂ ಹೆಚ್ಚಲ್ಲ. ಅದರ ಆಕಾರ ಬದಲಾಗುತ್ತೆ: ಉದ್ದ ಕಮ್ಮಿ, ಅಗಲ ಜಾಸ್ತಿ. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಪಾರಸಿಕ್ ಗುಡ್ಡದ ಸಾಲು ದಾಟಿ ಬರೋ ಶಿಳ್-ಮಹಾಪೆ ರಸ್ತೆಯಲ್ಲಿ ಜುಲೈ ತಿಂಗಳಲ್ಲಿ ನೀರಿದೆ, ಗುಂಡಿಯಿದೆ, ಡೀಸೆಲ್ ಜಿಡ್ಡಿದೆ, ಪಕ್ಕದಲ್ಲಿ ಟ್ರೇಲರ್ ಇದೆ. ಗುಂಡಿ ತಪ್ಪಿಸೋಕೆ ಹ್ಯಾಂಡಲ್ ತಿರುಗಿಸಿದ ಕ್ಷಣಕ್ಕೇ ಗಾಡಿ ಮಾತು ಕೇಳಬೇಕಾದ ಜಾಗ ಅದು. ಅಲ್ಲಿ ತಡವಾದರೆ ಬೀಳೋದು ಟ್ರೇಲರ್ ಪಕ್ಕಕ್ಕೆ.

ಹಾಗಾಗಿ ಅಂಗಡಿಗೆ ಹೋದಾಗ ಕೈಪಿಡಿಯಲ್ಲಿರೋ ಸೈಜನ್ನೇ ಕೇಳಿ. ಉಳಿದ ದುಡ್ಡಲ್ಲಿ ಅದೇ ಸೈಜಿನ ಒಳ್ಳೆಯ ಟೈರು ತಗೊಳ್ಳಿ, ಮುಂದಿನದೂ ಸವೆದಿದ್ದರೆ ಅದನ್ನೂ ಬದಲಾಯಿಸಿ. ವಾರಕ್ಕೊಮ್ಮೆ ಗಾಳಿ ನೋಡಿಸಿ. ಯಾರಾದರೂ ದಪ್ಪದ್ದು ಹಾಕಿಸು ಅಂದರೆ ಮೈಸೂರಿನ ಕಾರ್ಖಾನೆಯ ಕಥೆ ಹೇಳಿ: ಎರಡು ಇಂಚು ಚಕ್ರ ಬೆಳೆಸೋಕೆ ಅವರು ಹೊಸ ಗಾಡಿಯನ್ನೇ ಮಾಡಿದರು.

ಮುಂದಿನ ವಿಡಿಯೋದಲ್ಲಿ ಸಿಗೋಣ. ಹುಷಾರಾಗಿ ಓಡಿಸಿ.