ತಡೆಹೆಜ್ಜೆಯ ವಿಚಾರ

ಬೆಂಗಳೂರಿನ ಪಶ್ಚಿಮಭಾಗದ ಬಸವೇಶ್ವರನಗರದಲ್ಲಿ ಹಾವನೂರು ವೃತ್ತವನ್ನು ದಾಟುವ ಪಾದಚಾರಿಯು ಒಂದೇ ಗತಿಯಿಂದ ನಡೆಯುವುದಿಲ್ಲ. ಒಂದು ಹೆಜ್ಜೆಯನ್ನು ಮುಂದಿಟ್ಟು, ಬರುವ ವಾಹನದ ವೇಗವನ್ನು ಕಂಡು ಅರೆಹೆಜ್ಜೆ ತಡೆದು, ಮರುಕ್ಷಣವೇ ಎರಡು ಕಿರುಹೆಜ್ಜೆಗಳಿಂದ ಆಚೆಗೆ ಸೇರುತ್ತಾನೆ. ಕಬಡ್ಡಿಯ ಅಂಕಣದಲ್ಲಿ ದಾಳಿಗಾರನ ನಡೆಯೂ ಇದೇ ಜಾತಿಯದು. ಅಲ್ಲಿ ಎದುರಾಳಿಯ ಎಣಿಕೆಯನ್ನು ತಪ್ಪಿಸುವ ಉದ್ದೇಶವೊಂದು ಹೆಚ್ಚಾಗಿರುತ್ತದೆ. ಗತಿಯನ್ನು ಬೇಕೆಂದೇ ಮುರಿಯುವ ಈ ನಡೆಯನ್ನು ‘ತಡೆಹೆಜ್ಜೆ’ಯೆಂದು ಕರೆಯಬಹುದು. ಎಡವು, ಮುಗ್ಗರಿಸು, ತಡವರಿಸು, ತತ್ತರಿಸು ಎಂಬ ಬಳಕೆಯ ಮಾತುಗಳು ನಡಿಗೆಯ ದೋಷವನ್ನು ಹೇಳತಕ್ಕವು. ತಡೆಹೆಜ್ಜೆಯಾದರೋ ದೋಷವಲ್ಲ, ಕೌಶಲ.

ಈ ಭೇದವು ಪ್ರಾಚೀನರಿಗೆ ತಿಳಿದಿತ್ತು. ಭರತನ ನಾಟ್ಯಶಾಸ್ತ್ರದಲ್ಲಿ 16 ಭೌಮ, 16 ಆಕಾಶಿಕ, ಒಟ್ಟು 32 ಚಾರಿಗಳು ಉಕ್ತವಾಗಿವೆ. ಅವುಗಳಲ್ಲಿ ಚಾಷಗತಿಯೆಂಬುದು ಒಂದು ಪಾದವನ್ನು ಮುಂದೆ ಚಾಚಿ ಮತ್ತೆ ಹಿಂದಕ್ಕೆಳೆಯುವ ನಡೆ. ಚಾಷವೆಂದರೆ ನೀಲಕಂಠಪಕ್ಷಿ, ಅದೇ ಇಂದು ಕರ್ನಾಟಕದ ರಾಜ್ಯಪಕ್ಷಿ. ಕುಡಿದವನ ತಡವರಿಕೆಯು ಸಹ ‘ಮದಸ್ಖಲಿತ’ವೆಂಬ ಹೆಸರಿನಿಂದ 108 ಕರಣಗಳ ಪಂಕ್ತಿಯಲ್ಲಿ ಸೇರಿದೆ. ಅಬುದ್ಧಿಪೂರ್ವಕವಾದ ಸ್ಖಲನವು ದೋಷ. ಬುದ್ಧಿಪೂರ್ವಕವಾದರೆ ಅದೇ ಕಲೆ. ಚಾರಿಗಳು ನೃತ್ತಕ್ಕೆ ಮಾತ್ರವಲ್ಲದೆ ಶಸ್ತ್ರಮೋಕ್ಷಕ್ಕೂ ಯುದ್ಧಕ್ಕೂ ವಿಹಿತವೆಂದು ಭರತನು ಹೇಳಿರುವುದು ಗಮನಾರ್ಹವಾದುದು. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ವಿನೋದವಿಂಶತಿಯೊಂದರಲ್ಲಿಯೇ ಮಲ್ಲವಿನೋದವನ್ನೂ ನೃತ್ಯವಿನೋದವನ್ನೂ ನಿರೂಪಿಸಿದ್ದಾನೆ. ಮಲ್ಲನೂ ನರ್ತಕನೂ ಒಂದೇ ಆಸ್ಥಾನದ ಕಣ್ಣಿಗೆ ಬಿದ್ದವರು.

ಆದರೆ ಇಷ್ಟರಿಂದಲೇ ಕಬಡ್ಡಿಯ ಹೆಜ್ಜೆಯು ನಾಟ್ಯಶಾಸ್ತ್ರದಿಂದ ಹುಟ್ಟಿತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಸಾದೃಶ್ಯವು ವಂಶಕ್ಕೆ ಪ್ರಮಾಣವಾಗಲಾರದು. ಆಟದ ನಿಯಮವೇ ಈ ನಡೆಯನ್ನು ಹುಟ್ಟಿಸಬಲ್ಲುದು. ಪುರುಷರ ಅಂಕಣವು 13 ಮೀಟರು ಉದ್ದ, 10 ಮೀಟರು ಅಗಲ. ದಾಳಿಯ ಅವಧಿ 30 ಸೆಕೆಂಡು. ಮಧ್ಯರೇಖೆಯಿಂದ 4.75 ಮೀಟರು ದೂರದ ಬೋನಸ್ ಗೆರೆಯಾಚೆ ಒಂದು ಪಾದವನ್ನೂರಿದಾಗ ಮತ್ತೊಂದು ಪಾದವು ನೆಲವನ್ನು ಮುಟ್ಟಿರಬಾರದು. ಎದುರಿಗೆ ಆರು ಮಂದಿಯಾದರೂ ಇದ್ದರೆ ಮಾತ್ರ ಆ ಅಂಕವು ಸಲ್ಲುವುದು. ಆದುದರಿಂದ ದಾಳಿಗಾರನು ಹೋಗುವಂತೆ ತೋರಿ ನಿಂತು, ನಿಂತಂತೆ ತೋರಿ ಹೋಗಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಹುತುತು, ತಮಿಳುನಾಡಿನಲ್ಲಿ ಸಡುಗುಡು ಎಂಬ ಹೆಸರುಗಳುಳ್ಳ ಈ ಹಳ್ಳಿಯಾಟವು 1990ರಲ್ಲಿ ಬೀಜಿಂಗಿನ ಏಷ್ಯಾ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಯಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡವು ಪ್ರೊ ಕಬಡ್ಡಿ ಪ್ರಶಸ್ತಿಯನ್ನು ಗೆದ್ದಿತು.

ಕೌಶಲಕ್ಕೂ ವಂಚನೆಗೂ ಎಲ್ಲಿ ಗಡಿ ಎಂಬ ಪ್ರಶ್ನೆಯು ವಿದೇಶಗಳಲ್ಲಿಯೂ ಎದ್ದಿತು. ಕಾಲ್ಚೆಂಡಾಟದ ಪೆನಾಲ್ಟಿ ಒದೆತಕ್ಕಾಗಿ ಓಡಿಬರುವಾಗ ತಡೆಹೆಜ್ಜೆಯಿಡಬಹುದು, ಓಟವು ಮುಗಿದ ಬಳಿಕ ಒದೆಯುವಂತೆ ನಟಿಸಿ ನಿಲ್ಲಕೂಡದು ಎಂದು 2010ರಲ್ಲಿ ನಿಯಮವನ್ನು ಬಿಗಿಮಾಡಲಾಯಿತು. ಅಲ್ಲಿಯೂ ಗತಿಭಂಗವು ದೋಷವೆನಿಸಲಿಲ್ಲ. ಅದಕ್ಕೆ ಎಲ್ಲೆಯೊಂದು ಏರ್ಪಟ್ಟಿತು.

ಶಾಸ್ತ್ರಕಾರರು ಪಕ್ಷಿಯ ನಡೆಯನ್ನು ನೋಡಿ ನರ್ತಕನ ಹೆಜ್ಜೆಗೆ ಹೆಸರನ್ನಿಟ್ಟರು. ಅಂಕಣದಲ್ಲಿಯೂ ಬೀದಿಯಲ್ಲಿಯೂ ದಿನದಿನವೂ ಕಾಣುವ ಹೆಜ್ಜೆಗಳನ್ನು ಅಷ್ಟೇ ಶ್ರದ್ಧೆಯಿಂದ ನೋಡಿ, ಆಟಗಾರರ ಬಾಯಿಂದ ಅವುಗಳ ಹೆಸರುಗಳನ್ನು ಸಂಗ್ರಹಿಸುವುದು ಕನ್ನಡ ವಿದ್ವಾಂಸರ ಕರ್ತವ್ಯ. ಪೂರ್ವಿಕರ ಪ್ರಶಂಸೆಗಿಂತ ಅವರ ವಿಧಾನದ ಅನುಸರಣವೇ ಅವರಿಗೆ ಸಲ್ಲತಕ್ಕ ಗೌರವವು.