ಶಿರಾದಿಂದ ಸೌತ್ ಕೆನ್ಸಿಂಗ್ಟನ್‌ವರೆಗೆ: ಕುಶಲಕಲೆಯ ಮ್ಯೂಸಿಯಂ ನಮ್ಮಲ್ಲಿಗೆ ಬಂದ ಬಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದ ಕನ್ನಡಿಗರು ಟಿಪ್ಪುವಿನ ಹುಲಿಯನ್ನು ನೋಡದೆ ಬರುವುದಿಲ್ಲ. ಸುಮಾರು 178 ಸೆಂಟಿಮೀಟರ್ ಉದ್ದದ ಬಣ್ಣ ಹಚ್ಚಿದ ಮರದ ಹುಲಿ. ಅದರಡಿಯಲ್ಲಿ ಅಂಗಾತ ಬಿದ್ದ ಬಿಳಿಯ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುವಂತೆ, ಬಿದ್ದವನು ಕೈಯೆತ್ತಿ ನರಳುವಂತೆ ಒಳಗೆ ತಿದಿಗಳನ್ನೂ ಕೊಳವೆಗಳನ್ನೂ ಜೋಡಿಸಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ ಈ ಹುಲಿ 1808ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬಂತು. ಕಂಪನಿ ಹೋಗಿ, ಅದರ ಸಂಗ್ರಹ ಹಂಚಿಹೋದಾಗ, 1880ರ ಸುಮಾರಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಇರುವ ಸೌತ್ ಕೆನ್ಸಿಂಗ್ಟನ್‌ಗೆ ಸೇರಿತು. ಅದನ್ನು ಮಾಡಿದವರ ಹೆಸರು ಮಾತ್ರ ಎಲ್ಲೂ ದಾಖಲಾಗಲಿಲ್ಲ.

ಶ್ರೀರಂಗಪಟ್ಟಣದ ವೈಭವದ ಹಿಂದೆ ಶಿರಾ ಇದೆ ಎಂಬುದು ಶಿರಾ ಸೀಮೆಯ ಹೊರಗೆ ಅಷ್ಟಾಗಿ ಮಾತಿಗೆ ಬರುವುದಿಲ್ಲ. 1687ರಿಂದ 1757ರವರೆಗೆ ಶಿರಾ ಮೊಗಲರ ಕರ್ನಾಟಕ ಸುಬಾದ ರಾಜಧಾನಿಯಾಗಿತ್ತು. ಅಲ್ಲಿನ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಟಿಪ್ಪು ಶ್ರೀರಂಗಪಟ್ಟಣದ ಮಗ್ಗುಲಲ್ಲಿ ಶಹರ್ ಗಂಜಾಂ ಕಟ್ಟಿದಾಗ ಅದನ್ನು ತುಂಬಿಸಲು ಶಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿ ತಂದನೆಂದೂ ಅವರೇ ಹೇಳುತ್ತಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ, ಅಂದಿನ ಶಿರಾದ ಕಸುಬುದಾರರಲ್ಲಿ ಬಹಳಷ್ಟು ಮಂದಿ ಕಾವೇರಿ ತೀರಕ್ಕೆ ಹೋದರು ಎಂಬುದರಲ್ಲಿ ಸಂಶಯವಿಲ್ಲ. ಹುಲಿಯನ್ನು ಶಿರಾದವರೇ ಕೆತ್ತಿದರು ಎನ್ನಲು ಆಧಾರವಿಲ್ಲ. ಆದರೆ ಸೌತ್ ಕೆನ್ಸಿಂಗ್ಟನ್‌ನ ಆ ಗಾಜಿನ ಪೆಟ್ಟಿಗೆಯ ಹಿಂದಿನ ದಾರಿಯನ್ನು ಹಿಡಿದು ಹೊರಟರೆ ಅದು ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳ ಬಾಗಿಲಿಗೇ ಬಂದು ನಿಲ್ಲುತ್ತದೆ.

ಆ ಮ್ಯೂಸಿಯಂ ಹುಟ್ಟಿದ್ದು ಒಂದು ಆತಂಕದಿಂದ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾ ಪ್ರದರ್ಶನ ನಡೆದಾಗ ಬ್ರಿಟನ್ನಿನ ಯಂತ್ರಗಳನ್ನು ಜಗತ್ತೆಲ್ಲ ಮೆಚ್ಚಿತು. ಆದರೆ ಆ ಯಂತ್ರಗಳಿಂದ ಬಂದ ಬಟ್ಟೆ, ಪಾತ್ರೆ, ಪೀಠೋಪಕರಣಗಳ ಅಂದವನ್ನು ಅಲ್ಲಿನ ತಿಳಿದವರೇ ಮೆಚ್ಚಲಿಲ್ಲ. ಪಕ್ಕದಲ್ಲೇ ಇದ್ದ ಭಾರತದ ವಿಭಾಗ ಅವರ ಕಣ್ಣು ಸೆಳೆಯಿತು. ಕೈಮಗ್ಗದ ಬಟ್ಟೆಯಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಕೊಂಡ ರೀತಿ, ನಕ್ಷೆ ಬಟ್ಟೆಯ ಅಗಲಕ್ಕೆ ಒಗ್ಗಿಕೊಂಡ ರೀತಿ ಅವರಿಗೆ ಹೊಸ ಪಾಠವಾಯಿತು. ಪ್ರದರ್ಶನದಿಂದ ವಸ್ತುಗಳನ್ನು ಕೊಳ್ಳಲು ಸರ್ಕಾರ 5,000 ಪೌಂಡ್ ಕೊಟ್ಟಿತು. ಅದರಲ್ಲಿ ಭಾರತದ ಕೆಲಸಕ್ಕೂ ದೊಡ್ಡ ಪಾಲು ಸಂದಿತು. 1852ರಲ್ಲಿ ಹೆನ್ರಿ ಕೋಲ್ ಅವರ ಮುಂದಾಳುತನದಲ್ಲಿ ಮಾರ್ಲ್‌ಬರೋ ಹೌಸ್‌ನಲ್ಲಿ ತೆರೆದ ಸಂಗ್ರಹ 1857ರಲ್ಲಿ ಸೌತ್ ಕೆನ್ಸಿಂಗ್ಟನ್‌ಗೆ ಹೋಯಿತು. ವಿಕ್ಟೋರಿಯಾ ಮತ್ತು ಆಲ್ಬರ್ಟರ ಹೆಸರು ಬಂದದ್ದು 1899ರಲ್ಲಿ. ಹಗಲೆಲ್ಲ ದುಡಿಯುವವರು ಸಂಜೆ ಬಂದು ನೋಡಲೆಂದು ಕೋಲ್ ಅಲ್ಲಿ ಗ್ಯಾಸ್ ದೀಪಗಳನ್ನು ಹಾಕಿಸಿದರು. ರಾಜರ ಖಜಾನೆಯ ವಸ್ತುಗಳನ್ನು ಕೆಲಸಗಾರನ ಕಣ್ಣಿಗೆ ಬೀಳುವಂತೆ ಮಾಡಿದ ಆ ಒಂದು ತೀರ್ಮಾನಕ್ಕಾಗಿಯೇ ಕೋಲ್ ಅವರ ಬಗ್ಗೆ ನನಗೆ ಗೌರವ.

ಇದಕ್ಕೆ ಇನ್ನೊಂದು ಮುಖವೂ ಇತ್ತು. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಜೊತೆಗಳನ್ನು ಹಂಚಿದರು. ಅವುಗಳಲ್ಲಿ 13 ಬ್ರಿಟನ್ನಿಗೆ, 7 ಭಾರತಕ್ಕೆ. ಇಲ್ಲಿನ ಜನ ಏನುಡುತ್ತಾರೆ, ಎಷ್ಟು ಅಗಲದ ಸೀರೆ, ಎಂಥ ಅಂಚು ಎಂದು ಅಲ್ಲಿನ ಗಿರಣಿಗಳು ಕಲಿತುಕೊಳ್ಳಲಿ ಎಂಬುದು ಉದ್ದೇಶ. ನೇಕಾರನಿಂದ ಕಲಿತ ಪಾಠವೇ ನೇಕಾರನ ಅನ್ನಕ್ಕೆ ಕಲ್ಲು ಹಾಕಿತು. ವಿಕ್ಟೋರಿಯಾ ಕಾಲದ ಕಲಾ ಮ್ಯೂಸಿಯಂಗಳ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಒಟ್ಟಿಗೇ ಬರೆಯಬೇಕು.

ದಕ್ಷಿಣ ಭಾರತಕ್ಕೆ ಮ್ಯೂಸಿಯಂ ತಂದವರು ಎಡ್ವರ್ಡ್ ಬಾಲ್ಫೋರ್ ಎಂಬ ಸೇನಾ ವೈದ್ಯರು. 1851ರಲ್ಲಿ ಮದರಾಸಿನ ಮ್ಯೂಸಿಯಂ ತೆರೆದಾಗ ಅವರೇ ಅದರ ಮೊದಲ ಮುಖ್ಯಸ್ಥರು. ಬಳ್ಳಾರಿ, ಮಂಗಳೂರುಗಳಂಥ ಜಿಲ್ಲಾ ಕೇಂದ್ರಗಳಲ್ಲೂ ಅವರು ಸಣ್ಣ ಮ್ಯೂಸಿಯಂಗಳನ್ನು ತೆರೆಸಿದರು; ಅವು ಬಹಳ ಕಾಲ ಬಾಳಲಿಲ್ಲ. ಮರ, ಕಲ್ಲು, ಬೀಜ, ಬಣ್ಣ, ಅದಿರು, ನೂಲು ಎಲ್ಲವೂ ಅವರಿಗೆ ಬೇಕಿತ್ತು. 1857ರಲ್ಲಿ ಅವರು ಹೊರತಂದ ಭಾರತದ ವಿಶ್ವಕೋಶವೂ ಅದೇ ಹಂಬಲದ ಫಲ. ಬೆಂಗಳೂರಿಗೂ ಒಂದು ಮ್ಯೂಸಿಯಂ ಬೇಕೆಂಬ ಅವರ ಸಲಹೆಯನ್ನು ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಒಪ್ಪಿದರು. 1865ರಲ್ಲಿ ದಂಡಿನ ಹಳೆಯ ಜೈಲು ಕಟ್ಟಡದಲ್ಲಿ ಅದು ತೆರೆಯಿತು. ಮರುವರ್ಷ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಣೆ ಹೊರಡಿಸಿ, ವಸ್ತುಗಳನ್ನು ಕೂಡಿಸಲು ನೆರವಾಗಿ ಎಂದು ಸಾರ್ವಜನಿಕರನ್ನು ಕೇಳಿತು. 1877ರಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ ಈಗಿನ ಕಟ್ಟಡ ಎದ್ದಿತು. ಅದರ ವಿನ್ಯಾಸ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರದು. ಮ್ಯೂಸಿಯಂ ಎದ್ದು ಹೋದ ಮೇಲೂ ಹಳೆಯ ಜಾಗದ ರಸ್ತೆಗೆ ಮ್ಯೂಸಿಯಂ ರೋಡ್ ಎಂಬ ಹೆಸರು ಉಳಿದುಕೊಂಡಿದೆ.

ಆ ಕಾಲದಲ್ಲಿ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳಿಂದ ಇಂಥ ಮ್ಯೂಸಿಯಂಗೆ ಕೊಡುವಂಥದ್ದು ಏನಿತ್ತು ಎಂದು ಕೇಳಿಕೊಂಡರೆ ಮೊದಲು ಹೊಳೆಯುವುದು ಕಬ್ಬಿಣ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ. ಮಧುಗಿರಿ, ಚನ್ನರಾಯನದುರ್ಗಗಳ ಬೆಟ್ಟಸಾಲಿನಲ್ಲಿ ಗಣಿ ತೋಡುವ ಕೆಲಸವೇ ಇರಲಿಲ್ಲ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಇಳಿದ ನೀರು ಹಳ್ಳಗಳಲ್ಲಿ ಕಪ್ಪು ಮರಳನ್ನು ತಂದು ಬಿಡುತ್ತಿತ್ತು. ಅದನ್ನು ತೊಳೆದು ಹಗುರ ಮರಳನ್ನು ಹರಿಯಬಿಟ್ಟು, ಉಳಿದ ಭಾರದ ಮರಳನ್ನು ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣ ಇಳಿಸುತ್ತಿದ್ದರು. ಈಗಲೂ ಈ ಕಡೆಯ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಬಿಳಿ ಮರಳಿನ ಮೇಲೆ ಕಪ್ಪು ಗೀರುಗಳು ಕಾಣುತ್ತವೆ. ಮಕ್ಕಳು ಆಯಸ್ಕಾಂತ ಎಳೆದು ಆಡುವುದು ಅದರಲ್ಲೇ.

ಆ ಕಬ್ಬಿಣವನ್ನು ಉಕ್ಕು ಮಾಡುವ ಕೆಲಸ ಇನ್ನೂ ನಾಜೂಕಿನದು. ಕಬ್ಬಿಣದ ತುಂಡು, ತಂಗಡಿ ಗಿಡದ ಒಂದಿಷ್ಟು ಕಡ್ಡಿ, ಮೇಲೆ ಹಸಿರೆಲೆ, ಇಷ್ಟನ್ನು ಮಣ್ಣಿನ ಸಣ್ಣ ಮೂಸೆಯಲ್ಲಿಟ್ಟು ಬಾಯಿಗೆ ಮಣ್ಣು ಮೆತ್ತಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸುತ್ತಿದ್ದರು. ಕಡ್ಡಿ ಎಲೆಗಳು ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತಿತ್ತು. ಮೂಸೆ ಆರಿದ ಮೇಲೆ ಒಡೆದರೆ ಉಕ್ಕಿನ ಗಟ್ಟಿ. ಕಲ್ಲುಕುಟಿಗರ ಉಳಿಗೂ ಕತ್ತಿಗೂ ವೀಣೆಯ ತಂತಿಗೂ ಮೈಸೂರು ಸೀಮೆಯ ಇಂಥ ಉಕ್ಕೇ ಆಗಬೇಕಿತ್ತು. ದಕ್ಷಿಣದ ಈ ಉಕ್ಕಿನ ಗಟ್ಟಿಗಳು ಲಂಡನ್ನಿಗೂ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. 1820ರ ಸುಮಾರಿಗೆ ಮೈಕಲ್ ಫ್ಯಾರಡೆ, ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಇಂಥ ಉಕ್ಕಿನ ಗುಟ್ಟು ಹಿಡಿಯಲು ಪ್ರಯೋಗ ನಡೆಸಿದರು. ಕಪಾಟಿಗೆ ಗಟ್ಟಿ ಬಂತು. ಯಾವ ಬಣ್ಣಕ್ಕೆ ಬಂದಾಗ ತಿದಿ ನಿಲ್ಲಿಸಬೇಕು ಎಂಬ ಅರಿವು ಕುಲುಮೆಯವರ ಬಳಿಯೇ ಉಳಿಯಿತು. ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣ ಮತ್ತು ಇದ್ದಿಲಿಗೆ ಕಾಡು ಸಿಗದಂತಾದ ಕಾಯಿದೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕುಲುಮೆಗಳನ್ನು ಆರಿಸಿದವು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕಾರ್ಖಾನೆ ಶುರುವಾದಾಗ ಮಧುಗಿರಿಯ ಕರಿಮರಳು ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಎರಡನೆಯದು ಕಂಬಳಿ. ಶಿರಾ, ಪಾವಗಡಗಳ ಬಯಲು ಕುರಿಯ ನಾಡು. ಕುರುಬರ ಮನೆಗಳಲ್ಲಿ ಕಂಬಳಿ ನೇಯುವುದು ಹಳೆಯ ಕಸುಬು. ಉಣ್ಣೆ ಕತ್ತರಿಸಿ, ಬಿಲ್ಲಿನ ಹೆದೆಗೆ ಕೊಟ್ಟು ಹಿಂಜಿ, ಹೆಂಗಸರು ನೂಲು ತೆಗೆದ ಮೇಲೆ, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಬಿಗಿದು ಕಟ್ಟುತ್ತಾರೆ. ಮಗ್ಗ ನೆಲದ ಗುಂಡಿಯಲ್ಲಿ. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಕಿಲ್ಲ. ಅಂಚಿಗೆ ಒಂದೆರಡು ಬಿಳಿ ಎಳೆ ಬಂದರೆ ಅದೇ ಅಲಂಕಾರ. ಹೊಸ ಕಂಬಳಿ ಹಲಗೆಯ ಹಾಗೆ ಬಿರುಸು, ಮೈಗೆ ಚುಚ್ಚುತ್ತದೆ. ಮಳೆಗೆ ಕೊಪ್ಪೆಯಾಗಿ, ರಾತ್ರಿ ಹೊದಿಕೆಯಾಗಿ, ದೇವರ ಮುಂದೆ ಗದ್ದುಗೆಯಾಗಿ, ವರ್ಷಗಳ ಮೇಲೆ ಮೆತ್ತಗಾಗುತ್ತದೆ. ಸೌತ್ ಕೆನ್ಸಿಂಗ್ಟನ್‌ನ ಕಣ್ಣು ಅರಸುತ್ತಿದ್ದದ್ದು ಹೂಬಳ್ಳಿಯ ನಕ್ಷೆಯನ್ನು, ಜರಿಯನ್ನು, ಕೆತ್ತನೆಯನ್ನು. ಮೈಸೂರು ಸಂಸ್ಥಾನದಿಂದ ಆ ಕಣ್ಣಿಗೆ ಬಿದ್ದದ್ದು ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆ. ಅದಕ್ಕೆ ಆ ಮನ್ನಣೆ ಸಲ್ಲಬೇಕಾದದ್ದೇ. ಆದರೆ ಅಲಂಕಾರವನ್ನೇ ಕಲೆಯ ಅಳತೆಗೋಲು ಮಾಡಿಕೊಂಡದ್ದರಿಂದ ಕಂಬಳಿಯಂಥ ಮಿತವಾದ, ಹದವಾದ ಕೆಲಸ ಕಲೆಯ ಪಂಕ್ತಿಯಿಂದ ಹೊರಗೇ ಉಳಿಯಿತು. ಇದು ಆ ಕಾಲದ ಮ್ಯೂಸಿಯಂ ಕಲ್ಪನೆಯ ದೊಡ್ಡ ಕೊರತೆ ಎಂದೇ ನಾನು ತಿಳಿಯುತ್ತೇನೆ.

ಬೆಂಗಳೂರಿನ ಮ್ಯೂಸಿಯಂನ ಒಲವು ಬೇರೆ ಕಡೆಗೆ ಹೊರಳಿದ್ದಕ್ಕೂ ಕಾರಣವಿದೆ. 1885ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ರೂಪುಗೊಂಡಿತು. ರೈಸ್ ಊರೂರು ಅಲೆದು ಶಾಸನಗಳನ್ನು ಓದಿಸಿದರು; ತುಮಕೂರು ಜಿಲ್ಲೆಯ ಶಾಸನಗಳು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ ಬಂದವು. ನಿಡುಗಲ್ಲಿನ ಚೋಳರ ಕಾಲದ ಪಾವಗಡ ಸೀಮೆಗೆ ಚರಿತ್ರೆಯಲ್ಲೊಂದು ಸ್ಥಾನ ಸಿಕ್ಕದ್ದು ಇಂಥ ಕೆಲಸದಿಂದ. ಇಂದು ಬೆಂಗಳೂರಿನ ಮ್ಯೂಸಿಯಂಗೆ ಹೋದರೆ ಎದುರಾಗುವುದು ಕಲ್ಲು: ಆತಕೂರಿನ ಹತ್ತನೆಯ ಶತಮಾನದ ಶಾಸನ, ಬೇಗೂರಿನ ವೀರಗಲ್ಲು, ಹೊಯ್ಸಳ ಶಿಲ್ಪಗಳು. ಕನ್ನಡಿಗರಿಗೆ ತಮ್ಮ ಚರಿತ್ರೆಯನ್ನು ಕೊಟ್ಟ ಕೆಲಸ ಅದು, ಕಡಿಮೆಯದೇನಲ್ಲ. ಕಲ್ಲಿಗೆ ಹುಳು ಹತ್ತುವುದಿಲ್ಲ, ಉಣ್ಣೆಗೆ ಹತ್ತುತ್ತದೆ ಎಂಬ ಸರಳ ಸಂಗತಿಯೂ ಇದರಲ್ಲಿ ಸೇರಿದೆ. ಶಿರಾದಲ್ಲೂ ಹೀಗೆಯೇ ಆಯಿತು. ಶಿರಾವನ್ನು ಆಳಿ 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನ್‌ನ ಗೋರಿ, 1696ರ ಜುಮ್ಮಾ ಮಸೀದಿ ನಿಂತಿವೆ. ದಿಲಾವರ್ ಖಾನನ ಅರಮನೆ ಇಲ್ಲ. ಮಧುಗಿರಿಯ ಕೋಟೆ ರಕ್ಷಿತ ಸ್ಮಾರಕ. ಅದರ ಕಲ್ಲನ್ನು ಕಡಿದ ಉಳಿ ಯಾವ ಸಂಗ್ರಹದಲ್ಲೂ ಇಲ್ಲ.

ಬಾಲ್ಫೋರ್ ಒಂದೇ ಸೂರಿನಡಿ ಕೂಡಿಸಲು ಹೊರಟದ್ದು ಇಂದು ಕಸ್ತೂರ್ಬಾ ರಸ್ತೆಯುದ್ದಕ್ಕೂ ಹಂಚಿಹೋಗಿದೆ. ಹಳೆಯ ಮ್ಯೂಸಿಯಂನಲ್ಲಿ ಪುರಾತತ್ತ್ವ, ಮಗ್ಗುಲಲ್ಲಿ ವೆಂಕಟಪ್ಪ ಚಿತ್ರಶಾಲೆ, ಇನ್ನೊಂದು ಬದಿಯಲ್ಲಿ 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮ್ಯೂಸಿಯಂ. ಕೈಕಸುಬು ಈ ಮೂರರ ನಡುವೆ ಜಾರಿಹೋಯಿತು. 1912ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮೈಸೂರಿನ ಕೈಗಾರಿಕಾ ನಿರ್ದೇಶಕರಾಗಿ ಬಂದ ಮೇಲೆ ಕಸುಬು ಇಲಾಖೆಯ ವಿಷಯವಾಯಿತು, ಮುಂದೆ ಎಂಪೋರಿಯಂನ ಸರಕಾಯಿತು. ಅದನ್ನು ಮತ್ತೆ ಮ್ಯೂಸಿಯಂನೊಳಗೆ ಕರೆತಂದವರು ಜಾನಪದದವರು: 1960ರ ದಶಕದ ಕೊನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, 1994ರಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ. ಕೂರಿಗೆ, ಬೀಸುಕಲ್ಲು, ಮೀನಿನ ಬುಟ್ಟಿಗಳಿಗೆ ಅಲ್ಲಿ ಸಿಕ್ಕ ಜಾಗ ವಿಕ್ಟೋರಿಯಾ ಕಾಲದ ಯಾವ ಮ್ಯೂಸಿಯಂನಲ್ಲೂ ಸಿಗುವಂತಿರಲಿಲ್ಲ.

ಪಾವಗಡ ತಾಲ್ಲೂಕಿನ ವೈ. ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಶಿರಾ ಸೀಮೆಯಲ್ಲಿ ಕಂಬಳಿ ನೇಯುವ ಹಿರಿಯರಿದ್ದಾರೆ. ಸಂಗ್ರಹಿಸುವ ಕೆಲಸಕ್ಕೆ ಇನ್ನೂ ಹೊತ್ತು ಮೀರಿಲ್ಲ. ಇಂದು ಒಂದು ಕಂಬಳಿಯನ್ನು ತಂದು ಕಪಾಟಿನಲ್ಲಿಡುವುದಾದರೆ ಅದರ ಚೀಟಿಯಲ್ಲಿ ‘ಮೈಸೂರು, ಉಣ್ಣೆ’ ಎಂದಷ್ಟೇ ಬರೆದರೆ ಸಾಲದು. ಯಾವ ಊರಿನ ಯಾರ ಹಿಂಡಿನ ಉಣ್ಣೆ, ನೂಲು ತೆಗೆದ ತಾಯಿ ಯಾರು, ನೇಯ್ದವರು ಯಾರು, ಗಂಜಿಗೆ ಬೀಜ ಎಷ್ಟು ಹೊತ್ತು ಬೇಯಿಸಿದರು, ಎಷ್ಟಕ್ಕೆ ಮಾರುತ್ತಾರೆ ಎಂಬುದೆಲ್ಲ ಇರಬೇಕು. ಬಿಲ್ಲನ್ನೂ ಕಂಬಳಿಯ ಪಕ್ಕದಲ್ಲೇ ಇಡಬೇಕು. ಹಿಂಜುವಾಗ ಅದರ ಹೆದೆ ಮಾಡುವ ಸದ್ದನ್ನೂ ಮುದ್ರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸಲಕರಣೆ ಈಗ ಪ್ರತಿಯೊಬ್ಬ ಕಾಲೇಜು ಹುಡುಗಿಯ ಕೈಯಲ್ಲಿದೆ.