ಇಕ್ಕೇರಿಗೆ ಬಂದ ರೋಮಿನ ಯಾತ್ರಿಕ

ಬ್ಯಾಕೋಡು, ತುಮರಿ ಕಡೆಯ ಕುಟುಂಬಗಳಿಗೆ ಶರಾವತಿ ಎಂದರೆ ಮೊದಲು ನೆನಪಾಗುವುದು ಲಿಂಗನಮಕ್ಕಿಯ ಹಿನ್ನೀರು, ಲಾಂಚಿಗಾಗಿ ದಡದಲ್ಲಿ ಕಾದ ಕಾಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಬಹುಮಟ್ಟಿಗೆ ಮುಗಿಯಿತು. ಇದೇ ನದಿಯಲ್ಲಿ, ನಾಲ್ಕು ಶತಮಾನಗಳ ಹಿಂದೆ, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅದರ ಚೆಲುವನ್ನು ಮನಸಾರೆ ಹೊಗಳಿ ತನ್ನ ದೇಶಕ್ಕೆ ಪತ್ರ ಬರೆದ ಇಟಲಿಯವನೊಬ್ಬನಿದ್ದ. ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ.

1586ರಲ್ಲಿ ರೋಮ್ ನಗರದ ಶ್ರೀಮಂತ ಕಥೋಲಿಕ ಮನೆತನದಲ್ಲಿ ಹುಟ್ಟಿದ ಈತ ಪವಿತ್ರ ನಾಡನ್ನು ಸಂದರ್ಶಿಸಲು 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ತನ್ನನ್ನು 'ಯಾತ್ರಿಕ' ಎಂದೇ ಕರೆದುಕೊಂಡ. ಜೆರುಸಲೇಮಿನ ದರ್ಶನವಾದ ಮೇಲೂ ಊರಿಗೆ ಮರಳಲಿಲ್ಲ. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. 1621ರ ಕೊನೆಯಲ್ಲಿ, ಪರ್ಷಿಯಾದ ಕಡಲತೀರದ ಬಳಿ, ಗರ್ಭಪಾತವಾಗಿ ಜ್ವರ ಬಂದು ಆಕೆ ತೀರಿಕೊಂಡಳು. ಪರನಾಡಿನ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲು ಆತನ ಮನಸ್ಸು ಒಪ್ಪಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಸಾಮಾನುಗಳ ನಡುವೆ ಬಚ್ಚಿಟ್ಟುಕೊಂಡು ಹೊರಟ. 1623ರ ಫೆಬ್ರವರಿಯಲ್ಲಿ ಸೂರತ್ತಿಗೂ ಅಲ್ಲಿಂದ ಮುಂದೆ ಗೋವೆಗೂ ಬಂದ.

ಮಳೆಗಾಲ ಮುಗಿದು ಕಡಲದಾರಿ ತೆರೆದಾಗ, ಅಕ್ಟೋಬರಿನಲ್ಲಿ, ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದರು. ಕಾಳುಮೆಣಸಿನ ವ್ಯಾಪಾರ ಒಂದು ಕಡೆ, ನಾಯಕನಿಂದ ರಾಜ್ಯ ಕಳೆದುಕೊಂಡ ಮಂಗಳೂರಿನ ಬಂಗರಸನ ವ್ಯಾಜ್ಯ ಇನ್ನೊಂದು ಕಡೆ. ಪಿಯೆತ್ರೊ ಇವರ ಜೊತೆಗೂಡಿದ್ದು ವ್ಯಾಪಾರಕ್ಕಲ್ಲ, ನೋಡುವ ಆಸೆಗೆ. ಹೊನ್ನಾವರದಲ್ಲಿ ದೀಪಾವಳಿ ನೋಡಿದ. ಗೇರುಸೊಪ್ಪೆಯಲ್ಲಿ, ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆಯುತ್ತಿದ್ದ ರಾಣಿಯ ಪಾಳುಬಿದ್ದ ರಾಜಧಾನಿಯನ್ನು ಕಂಡ. ಘಟ್ಟ ಹತ್ತುವಾಗ ತನ್ನ ನಾಡಿನ ಅಪೆನೈನ್ ಬೆಟ್ಟಸಾಲು ನೆನಪಾಯಿತಂತೆ.

ಘಟ್ಟದ ದಾರಿಯ ಊರೊಂದರಲ್ಲಿ, ಹೊರೆಯಾಳುಗಳು ಸಿದ್ಧವಾಗುವವರೆಗೆ, ದೇವಸ್ಥಾನದ ಜಗಲಿಯಲ್ಲಿ ಕುಳಿತು ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ಒಬ್ಬ ರಾಗವಾಗಿ ಹೇಳುತ್ತಾನೆ, ಹೇಳುತ್ತಲೇ ನೆಲಕ್ಕೆ ಹರಡಿದ ನುಣುಪಾದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾನೆ, ಉಳಿದವರು ಹಾಗೆಯೇ ಹೇಳಿ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಹೊಸ ಮರಳು. ಮೇಷ್ಟ್ರು ಹತ್ತಿರವಿಲ್ಲದಿದ್ದರೂ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಈ ಪದ್ಧತಿ ಸುಲಭವೂ ಭದ್ರವೂ ಆದದ್ದೆಂದು ಮೆಚ್ಚಿದ. ನಮ್ಮ ಅಜ್ಜಂದಿರು ಮರಳಿನ ಮೇಲೆ ಅಕ್ಷರ ತಿದ್ದಿದ ಕಥೆ ಕೇಳಿದವರಿಗೆ ಈ ಪುಟ ಹೊಸದೆನಿಸದು.

ಇಕ್ಕೇರಿಯ ಕೋಟೆಗೆ ಮೂರು ಸುತ್ತು. ಹೊರಗಿನದು ಕಲ್ಲಿನದಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರು. ಒಳಗೆ ಮನೆಗಳು ದೂರ ದೂರ, ನಡುವೆ ಮರಗಳು, ಕೆರೆಗಳು. ಪಟ್ಟಣವೋ ಕಾಡೋ ಎಂಬಂತೆ ಕಂಡಿತು. ನವೆಂಬರಿನ ಅಮಾವಾಸ್ಯೆಯ ಹೊತ್ತಿಗೆ ಅಘೋರೇಶ್ವರ ದೇವಸ್ಥಾನದ ದೀಪೋತ್ಸವವನ್ನು ಜನರ ನಡುವೆ ನಿಂತು ನೋಡಿದ. ರೋಮಿನವನ ಗರ್ವ ಅವನಲ್ಲಿ ಇಲ್ಲದಿರಲಿಲ್ಲ. ವೆಂಕಟಪ್ಪನನ್ನು ದೊಡ್ಡ ರಾಜನೆಂದು ಒಪ್ಪಲು ಹಿಂಜರಿದ, ಇಲ್ಲಿನ ಪೂಜೆಗಳ ಬಗ್ಗೆ ಕಟುವಾಗಿಯೂ ಬರೆದ. ಆದರೂ ತಾಳ್ಮೆಯಿಂದ ನೋಡಿದ, ಕೇಳಿದ, ದಾರಿಯಲ್ಲಿ ಕಂಡ ಗುಡಿಯೊಂದರ ನಕ್ಷೆಯನ್ನೂ ಗುರುತು ಹಾಕಿಕೊಂಡ. ತಿರಸ್ಕರಿಸುವವನು ನಕ್ಷೆ ಬರೆಯುವುದಿಲ್ಲ.

ಊಟದ ಮಾತು ಬಂದರೆ ಅವನ ಪತ್ರಗಳು ನಗೆ ತರಿಸುತ್ತವೆ. ಪಾತ್ರೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು ಭಾರತದಲ್ಲಿ ಕಲಿತ. ಬಾರದವರು ಮೈಯೆಲ್ಲ ಒದ್ದೆ ಮಾಡಿಕೊಂಡು ಕೆಮ್ಮಿ, ಸುತ್ತಲಿನವರನ್ನು ನಗಿಸುತ್ತಿದ್ದರಂತೆ. ಕೈಯಲ್ಲಿ ಊಟ ಮಾಡುವುದು ಮಾತ್ರ ಅವನಿಗೆ ಒಗ್ಗಲಿಲ್ಲ. ಮುಂದೆ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯ ಮಗ ಅನ್ನ ಬಡಿಸಿದಾಗ ಈತ ಚಮಚವನ್ನೂ ಫೋರ್ಕನ್ನೂ ಹೊರತೆಗೆದ. ನೋಡಿದವರಿಗೆಲ್ಲ ಬೆರಗು. ಆ ಕಾಲಕ್ಕೆ ಫೋರ್ಕು ಯುರೋಪಿನಲ್ಲೂ ಹೆಚ್ಚಾಗಿ ಇಟಲಿಯವರ ವಸ್ತು. ಇಂಗ್ಲೆಂಡಿನ ಪ್ರವಾಸಿ ಥಾಮಸ್ ಕೊರ್ಯಟ್ 1611ರಲ್ಲಿ ಅದನ್ನು ಇಟಲಿಯ ವಿಶೇಷವೆಂದು ಬರೆದಿದ್ದಾನೆ.

ನವೆಂಬರ್ ಬಂತೆಂದರೆ ನಾವು ಸಮಾಧಿಗಳನ್ನು ಶುಚಿಗೊಳಿಸಿ, ಮೇಣದಬತ್ತಿ ಹಚ್ಚಿ, ಮೃತರಿಗಾಗಿ ಪ್ರಾರ್ಥಿಸುತ್ತೇವೆ. ಅದೇ ತಿಂಗಳಲ್ಲಿ ಇಕ್ಕೇರಿಯಲ್ಲಿ ಪಿಯೆತ್ರೊ ಒಬ್ಬ ವಿಧವೆಯನ್ನು ಕಂಡ. ಡೋಲು ಬಾರಿಸುವವನ ಹೆಂಡತಿ, ತೆಲುಗು ಮೂಲದವಳು. ಇಟಲಿಯ ಅಕ್ಷರಗಳಲ್ಲಿ ಬರೆದ ಹೆಸರನ್ನು ನೋಡಿದರೆ ಜಕ್ಕಮ್ಮ ಇರಬೇಕು. ಚಿತೆಯೇರಲು ನಿರ್ಧರಿಸಿದ್ದಳು. ಪಿಯೆತ್ರೊ ಅವಳ ಮನೆಗೇ ಹೋಗಿ ಮಾತನಾಡಿಸಿದ. ಬಲವಂತವಿದೆಯೇ ಎಂದು ಕೇಳಿದ. ಇಲ್ಲ, ತನ್ನಿಚ್ಛೆಯೇ ಎಂದಳು. ಚಿಕ್ಕ ಮಕ್ಕಳಿದ್ದಾರಲ್ಲ ಎಂದು ಬೇಡಿಕೊಂಡ. ಅವಳು ಕದಲಲಿಲ್ಲ. ಕೊನೆಗೆ, ನಿನ್ನ ಹೆಸರು ನನ್ನ ನಾಡಿನಲ್ಲಿ ಉಳಿಯುವಂತೆ ಮಾಡುತ್ತೇನೆಂದು ಮಾತು ಕೊಟ್ಟು ಬಂದ. ಆ ಪದ್ಧತಿಯನ್ನು ಕ್ರೂರವೆಂದೇ ಕರೆದ. ಅವಳ ಪ್ರೀತಿಯನ್ನು ಹೀಗಳೆಯಲಿಲ್ಲ. ಸತ್ತ ಮಡದಿಯನ್ನು ದೇಶದಿಂದ ದೇಶಕ್ಕೆ ಹೊತ್ತು ತಿರುಗುತ್ತಿದ್ದವನಿಗೆ ಹೀಗಳೆಯುವುದು ಸುಲಭವಿರಲಿಲ್ಲವೆಂದು ನನ್ನ ಭಾವನೆ. ಅವಳ ಮೇಲೆ ಮೂರು ಸಾನೆಟ್‌ಗಳನ್ನು ಬರೆದ. ಒಂದು ಜೀವ ಉಳಿಸಲಾಗದವನ ಕೈಯಲ್ಲಿ ಇದ್ದದ್ದು ಅಷ್ಟೇ.

1626ರಲ್ಲಿ ಆತ ರೋಮಿಗೆ ಮರಳಿ, ಮಾನಿಯನ್ನು ಅರಾಚೇಲಿಯ ಸಂತ ಮರಿಯ ದೇವಾಲಯದಲ್ಲಿರುವ ತನ್ನ ಮನೆತನದ ಸಮಾಧಿಯಲ್ಲಿ ಮಲಗಿಸಿದ. 1652ರಲ್ಲಿ ತಾನೂ ಅಲ್ಲಿಯೇ ಸೇರಿದ. ಇಕ್ಕೇರಿಯ ಪತ್ರಗಳು ಅಚ್ಚಾದದ್ದು ಅವನು ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ, 1663ರಲ್ಲಿ.